ಅಪ್ಪನ ಬಂದೂಕಿಗೆ ನಿನ್ನ ಸಹಿ

ಕಮಲಾಪುರ
9 ಸೆಪ್ಟೆಂಬರ್ 2025

ನನ್ನ ಕಪಿಲನಿಗೆ, ನಿನ್ನ ಅವ್ವ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಕಡಿಮೆಯಾಯಿತೇ? ನಾನು ಕೇಳುವಷ್ಟರಲ್ಲಿ ನೀನು ಇಟ್ಟೇಬಿಟ್ಟೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಸೊಲ್ಲಾಪುರದ ಊಟ ಮೈಗೆ ಹಿಡಿಯುತ್ತಿದೆಯೋ ಇಲ್ಲವೋ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಅಂಗನವಾಡಿಯಿಂದ ರಿಟೈರಾದ ಮೇಲೆ ನನ್ನ ಮಾತು ಕೇಳುವವರಿಲ್ಲ, ಅದೇ ದೊಡ್ಡ ಬ್ಯಾನಿ.

ನಿಮ್ಮಪ್ಪ ಹೋಗಿ ಎಂಟು ತಿಂಗಳಾಯಿತು. ಸ್ವಂತ ಬಂದೂಕು ಇದ್ದವರಿಗೇ ಬ್ಯಾಂಕಿನ ಕಾವಲು ಕೆಲಸ ಅಂತ, ಮಿಲಿಟರಿಯಿಂದ ಬಂದ ವರ್ಷ ನನ್ನ ಬಂಗಾರ ಮಾರಿ ಆ ಜೋಡುನಳಿಗೆ ಕೊಂಡಿದ್ದರು, ನಿನಗೆ ಗೊತ್ತು. ಸತ್ತವರ ಲೈಸೆನ್ಸಿನ ಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲವಂತೆ. ಇಲ್ಲಿಯ ಗುತ್ತಿಗೆದಾರನೊಬ್ಬ ಮೂಗಿಗೆ ವಾಸನೆ ಬಡಿದವನಂತೆ ಎರಡು ಸಲ ಬಂದ. “ಬಾಯಾರ, ಕಾಗದ ಗೀಗದ ಯಾಕ್ರಿ, ನಲವತ್ತು ಸಾವಿರ ಕೊಡ್ತೀನಿ, ಸುಮ್ಮ ನನಗ ಕೊಟ್ಟುಬಿಡ್ರಿ” ಎಂದ. “ನಿನ್ನ ನಲವತ್ತು ಸಾವಿರ ತಗೊಂಡು ನಾ ಜೇಲಿನ್ಯಾಗ ರೊಟ್ಟಿ ಬಡೀಲೇನು?” ಎಂದು ಬಾಗಿಲು ಹಾಕಿದೆ. ಠಾಣೆಯವರ ಕಾಗದ ಹಿಡಿದು, ಕಲಬುರಗಿಯಲ್ಲಿ ಲಾಲ್ ಅಹ್ಮದ್ ಅವರ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲಿ ಜಮಾ ಮಾಡಿ ಬಂದೆ.

ನಿನ್ನೆ ಬೆಲೆ ಕಟ್ಟಿಸಲು ಹೋಗಿದ್ದೆ. ಅವರು ನಳಿಗೆಯೊಳಗೆ ಬ್ಯಾಟರಿ ಬಿಟ್ಟು ನೋಡಿ, “ಚೊಲೋ ಇಟ್ಟಾರ ಬಾಯೀ, ಇಪ್ಪತ್ತೆರಡು ಸಾವಿರ ಬರ್ತದ” ಎಂದರು. ನನಗೆ ಸಂತೋಷವೇ ಆಯಿತು. ಆಮೇಲೆ ಖಾಲಿ ಬಂದೂಕಿನ ಕುದುರೆ ಎಳೆದರು. ಮತ್ತೊಮ್ಮೆ ಎಳೆದರು. ಬಿಚ್ಚಿ ಒಳಗೆ ನೋಡಿದರು. “ಬಾಯೀ, ಕಾಡತೂಸಿಗೆ ಬಡಿಯೋ ಪಿನ್ನೇ ಇಲ್ಲಲ್ರೀ ಇದರಾಗ. ಎರಡೂ ತೆಗದಾರ. ಇದು ಹಾರೂದೇ ಇಲ್ಲ.” ತಾನಾಗಿ ಬಿದ್ದದ್ದಲ್ಲ, ಕೈಯಾರೆ ತೆಗೆದದ್ದು, ಎಷ್ಟೋ ವರ್ಷವಾಗಿದೆ ಎಂದರು. ಯವ್ವಾ! ಅವರು ತರಿಸಿದ ಚಹಾ ಹಾಗೇ ಆರಿತು.

ಕಪಿಲ, ಐದು ವರ್ಷದ ಹಿಂದೆ ಚಾಕು ಹಿಡಿದು ಬ್ಯಾಂಕಿಗೆ ನುಗ್ಗಿದವನ ಎದುರು ನಿಮ್ಮಪ್ಪ ಇದನ್ನೇ ಎತ್ತಿ ನಿಂತಿದ್ದರು. ಅವನು ಚಾಕು ಬಿಟ್ಟು ಓಡಿದ. ಮ್ಯಾನೇಜರು ಶಾಲು ಹೊದಿಸಿದರು, ಆ ಫೋಟೋ ನಾನು ಊರಿಗೆಲ್ಲ ತೋರಿಸಿದ್ದೇನೆ. ಕೈಯಲ್ಲಿ ಇದ್ದದ್ದು ಬರೀ ಕಟ್ಟಿಗೆ, ಕಬ್ಬಿಣ! ಅವನು ಓಡದೆ ಮೈಮೇಲೇ ಬಂದಿದ್ದರೆ? ಲೈಸೆನ್ಸ್ ನೋಡುವವರು ನಂಬರ್ ನೋಡಿದರೇ ಹೊರತು ಯಾರೂ ಹಾರಿಸಿ ನೋಡಲಿಲ್ಲ. ಎಂಥ ಮನುಷ್ಯ ಅವರು, ಹಾರದ ಬಂದೂಕು ಹೆಗಲಿಗೇರಿಸಿ ದಿನಾ ಎಂಟರ ಬಸ್ಸಿಗೆ ಹೋಗುತ್ತಿದ್ದರಲ್ಲ! ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಬದುಕಿದ್ದರೆ ಮನೆ ಹಾರುವಂಥ ಜಗಳ ತೆಗೆಯುತ್ತಿದ್ದೆ.

ನಾನಾದರೂ ಎಷ್ಟು ಸಾಚಾ? ನೀನು ಅವರಿಗೆ “ಮಂದಿ ರೊಕ್ಕಾ ಕಾಯೋ ನಾಯಿ” ಎಂದದ್ದು, ಅವರು ಬಂದೂಕು ತೆಗೆದು ನಿನ್ನ ಎದೆಗೆ ಹಿಡಿದದ್ದು, ನೀನು ಉಟ್ಟ ಬಟ್ಟೆಯಲ್ಲೇ ಹೋದದ್ದು, ಒಂದೂ ಮರೆತಿಲ್ಲ. ಅವತ್ತಿನಿಂದ ಅವರು ಡ್ಯೂಟಿ ಮುಗಿಸಿ ಬಂದ ಕೂಡಲೇ ಕಾಡತೂಸು ತೆಗೆದು ಜೋಳದ ಡಬ್ಬಿಯಲ್ಲಿ ಹೂತಿಡುತ್ತಿದ್ದೆ, ಬೆಳಿಗ್ಗೆ ರೊಟ್ಟಿ ಬುತ್ತಿಯ ಜೊತೆ ಕೊಡುತ್ತಿದ್ದೆ. ಯಾಕೆ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಕಟ್ಟಿಕೊಂಡ ಗಂಡನಿಗೇ ಹೆದರಿ ಹತ್ತೂವರೆ ವರ್ಷ ಬಾಳಿದೆ, ಈಗ ನಾಚಿಕೆಯಾಗುತ್ತದೆ. ನೀನು ಅವರ ಮಣ್ಣಿಗೆ ಬಂದರೂ ದೂರವೇ ನಿಂತು, ಸಂಜೆ ಬಸ್ಸಿಗೆ ಹೋದೆ. ನಾನು ತಡೆಯಲಿಲ್ಲ.

ಲಾಲ್ ಅಹ್ಮದ್ ನಿಯತ್ತಿನ ಮನುಷ್ಯ. ಹೊಸ ಪಿನ್ನಿಗೆ ಸಾವಿರದೈನೂರು ಮಾತ್ರ ಹಿಡಿದುಕೊಂಡು, ಇಪ್ಪತ್ತು ಸಾವಿರದ ಐನೂರಕ್ಕೆ ಒಪ್ಪಿದ್ದಾರೆ. ಆದರೆ ಮಾರಾಟದ ಪರವಾನಗಿಗೆ ವಾರಸುದಾರರೆಲ್ಲರ ಒಪ್ಪಿಗೆ ಬೇಕಂತೆ. ಎಲ್ಲರೂ ಅಂದರೆ ಯಾರು, ನಾನು ಮತ್ತು ನೀನು. ಒಪ್ಪಿಗೆ ಪತ್ರ ಇದರ ಜೊತೆಗಿದೆ. ಪೆನ್ಸಿಲ್ ಗುರುತು ಹಾಕಿದಲ್ಲಿ ಸಹಿ ಮಾಡಿ, ನೋಟರಿ ಮಾಡಿಸಿ ಕಳಿಸು. ಬೇರೇನೂ ಬರೆಯಲು ಮನಸ್ಸಿಲ್ಲದಿದ್ದರೆ ಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಬಿಸಿನೀರು ಕುಡಿ. ನನ್ನ ಆಯುಷ್ಯವೂ ನಿನಗೇ ಇರಲಿ. ಜೈಭೀಮ.

ನಿನ್ನ ಅವ್ವ,
ತುಳಜಾಬಾಯಿ

ತಾ.ಕ.: ಲಕೋಟೆ ಅಂಟಿಸುವಾಗಲೇ ಲಾಲ್ ಅಹ್ಮದ್ ಅವರ ಫೋನ್ ಬಂತು. ಮನಸ್ಸು ತಡೆಯದೆ ಹಳೇ ರಜಿಸ್ಟರ್ ತೆಗೆಸಿ ನೋಡಿದರಂತೆ. ಪಿನ್ನು ತೆಗೆದದ್ದು ಅವರದೇ ಅಂಗಡಿಯಲ್ಲಿ, 2014ರ ಜೂನ್ ಹದಿಮೂರಕ್ಕೆ. ನೀನು ಮನೆ ಬಿಟ್ಟದ್ದು ಹನ್ನೆರಡಕ್ಕೆ. ಬರೆದದ್ದು ಕಂಡ ಮೇಲೆ ಅವರಿಗೆ ಎಲ್ಲ ನೆನಪಾಯಿತಂತೆ: ಅಂಗಡಿ ತೆರೆಯುವ ಮೊದಲೇ ನಿಮ್ಮಪ್ಪ ಮೆಟ್ಟಿಲ ಮೇಲೆ ಕೂತಿದ್ದರು. ಕಾವಲುಗಾರನ ಬಂದೂಕಿಗೆ ಪಿನ್ನು ತೆಗೆದರೆ ನೌಕರಿಯ ಗತಿಯೇನು, ಜೀವದ ಗತಿಯೇನು ಎಂದು ಲಾಲ್ ಅಹ್ಮದ್ ಕೇಳಿದ್ದಕ್ಕೆ ನಿಮ್ಮಪ್ಪ ಇಷ್ಟೇ ಅಂದರಂತೆ: “ತಗೀರಿ ಸಾಹೇಬ್ರ. ಸಂಜಿಕ ಮಗ ಹೊಳ್ಳಿ ಮನಿಗಿ ಬರ್ತಾನ.”