ಕಿಟಕಿ ಮುಚ್ಚಿಕೊಳ್ಳಿ

ಡಿಸೆಂಬರ್ 9, ಮಂಗಳವಾರ
ಅಂಗಡಿಯಲ್ಲಿ, ಊಟದ ಬಿಡುವಿನಲ್ಲಿ

ಪುಟ್ಟಿಯ ಅಪ್ಪನಿಗೆ,

ಮೊದಲು ಎದ್ದು ಹೋಗಿ ಕಿಟಕಿ ಮುಚ್ಚಿ. ನಡುಮನೆಯದು, ಮಲಗುವ ಕೋಣೆಯದು, ಎರಡೂ. ಆಮೇಲೆ ಬಂದು ಕೂತು ಓದಿ. ಕಾಗದ ಎಲ್ಲಿಗೂ ಓಡಿಹೋಗುವುದಿಲ್ಲ.

ನಾನು ಇಂಥ ಮಾತು ಬರೆದೇನೆಂದು ನೀವು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಕಿಟಕಿ ತೆಗೀರಿ, ಕಿಟಕಿ ತೆಗೀರಿ ಎಂದು ಹಿಮ ಬೀಳುವ ಈ ಬೆಟ್ಟದೂರಿಗೆ ಚಳಿಗಾಲ ಬಂದಾಗಲೆಲ್ಲ ನಿಮ್ಮ ತಲೆ ತಿಂದವಳು ನಾನೇ. ಈಗ ಮುಚ್ಚಿ ಎನ್ನುತ್ತಿರುವವಳೂ ನಾನೇ. ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ನಿನ್ನೆ ಕೆಳಮನೆಯ ಟೀಚರಮ್ಮ ಅಂಗಡಿಗೆ ಫೋನು ಮಾಡಿದ್ದರು. ಗಿರಾಕಿಯೊಬ್ಬರ ಕಣ್ಣಿಗೆ ಕನ್ನಡಕದ ಗಾಜು ಹಿಡಿದು ಅಕ್ಷರ ಓದಿಸುತ್ತಿದ್ದೆ, ಅರ್ಧಕ್ಕೇ ಬಿಟ್ಟು ಹೋಗಿ ಮಾತಾಡಿದೆ. "ಏನಮ್ಮಾ, ನಿಮ್ಮ ಯಜಮಾನ್ರಿಗೆ ಏನಾಗಿದೆ?" ಎಂದರು. "ಹೊರಗೆ ತೊಟ್ಟಿ ನೀರು ಹೆಪ್ಪುಗಟ್ಟಿದೆ, ಇವರು ಕಿಟಕಿ ಹಾರುಹೊಡೆದುಕೊಂಡು ಕೂತಿದಾರೆ. ಹಗಲು ರಾತ್ರಿ ಅಂತಿಲ್ಲ. ಹೀಟರ್ ತಂದು ಮೆಟ್ಟಿಲ ಕೆಳಗೆ ಇಟ್ಟುಬಿಟ್ಟಿದಾರೆ. ಆ ಕೆಮ್ಮು ಕೇಳಿದ್ರೆ ನನ್ನ ಎದೆ ನೋಯುತ್ತೆ." ಅವರು ಮೇಲೆ ಬಂದು ವಿಚಾರಿಸಿದಾಗ ನೀವು ಕೋಟು ಹಾಕಿಕೊಂಡು, ತಲೆಗೆ ಮಫ್ಲರು ಸುತ್ತಿಕೊಂಡು, ತಣ್ಣನೆ ಗೋಡೆಗೆ ಒರಗಿ ಕೂತಿದ್ದಿರಂತೆ. "ಅವಳು ಹೇಳಿದ ಹಾಗೇ ಮಾಡ್ತಿದೀನಿ ಟೀಚರಮ್ಮ," ಎಂದಿರಂತೆ.

ನಾನು ಹೇಳಿದ್ದು ಇದಲ್ಲ ಕಣ್ರೀ. ಇದನ್ನು ನಾನು ಯಾವತ್ತೂ ಹೇಳಲಿಲ್ಲ.

ಇಲ್ಲ, ಹೇಳಿದೆ. ಹೋದ ತಿಂಗಳು ಪುಟ್ಟಿಯ ಶಾಲೆಯ ಗೇಟಿನ ಹತ್ತಿರ ನೀವು ಮೂಸಂಬಿಯ ಚೀಲ ಹಿಡಿದು ನಿಂತಿದ್ದಿರಿ. "ಯಾವಾಗ ಬರ್ತೀರಿ ಮನೆಗೆ?" ಎಂದು ಮೆಲ್ಲಗೆ ಕೇಳಿದಿರಿ. "ನೀವು ಕಿಟಕಿ ತೆಗೆದ ದಿನ ಬರ್ತೀವಿ," ಎಂದೆ ನಾನು. ಪಕ್ಕದಲ್ಲಿ ಬೇರೆ ಮಕ್ಕಳ ಅಮ್ಮಂದಿರಿದ್ದರು, ಅವರಿಗೂ ಕೇಳಲಿ ಎಂಬಂತೆ ಜೋರಾಗಿಯೇ ಅಂದೆ. ನೀವು ತಲೆ ಆಡಿಸಿ ಹೋದಿರಿ. ಆ ಮಾತನ್ನು ನೀವು ಹಾಗೆಯೇ ಮನೆಗೆ ಒಯ್ದು, ಅಕ್ಷರ ಬಿಡದೆ ಪಾಲಿಸುತ್ತೀರೆಂದು ನಾನು ಎಣಿಸಲಿಲ್ಲ. ಕೊಂಕು ಮಾತು ನಿಮಗೆ ಯಾವತ್ತು ಅರ್ಥವಾಗಿದೆ?

ನಾನು ಮನೆ ಬಿಟ್ಟದ್ದು ತಪ್ಪೆಂದು ಬರೆಯಲು ಕೂತಿಲ್ಲ. ಅದರಲ್ಲಿ ನಾನು ಸರಿಯಾಗೇ ಇದ್ದೆ, ಇವತ್ತೂ ಹಾಗೆಯೇ ಅನ್ನುತ್ತೇನೆ. ಕೋಲ್ಡ್ ಸ್ಟೋರೇಜಿನ ಬಾಗಿಲುಗಳಿಗೆ ರಬ್ಬರು ಪಟ್ಟಿ ಕೂರಿಸುವ ನಿಮ್ಮಷ್ಟು ಚೆನ್ನಾಗಿ ಒಂದು ಸಂದು ಮುಚ್ಚುವವರು ಈ ಊರಲ್ಲಿ ಯಾರಿದ್ದಾರೆ? ಮದುವೆಯಾದ ಹೊಸದರಲ್ಲಿ ನನ್ನ ತಂಗಿ "ನಮ್ಮ ಭಾವ ದಿನಾ ಚಳಿಗೆ ಬೀಗ ಹಾಕಿ ಬರ್ತಾರೆ" ಎಂದು ಛೇಡಿಸುತ್ತಿದ್ದಳು. ಆ ಕೈ ನಮ್ಮ ಮನೆಯ ಮೇಲೂ ಓಡಿತು. ಕಿಟಕಿಯ ಸುತ್ತ ಪಟ್ಟಿ, ಪಟ್ಟಿಯ ಮೇಲೆ ಟೇಪು, ಬಾಗಿಲ ಕೆಳಗೆ ಸುತ್ತಿದ ಕಂಬಳಿ, ಅಡುಗೆಮನೆಯ ಗಾಳಿಕಿಂಡಿಗೆ ರಟ್ಟು. ಆಮೇಲೆ ನಡುಮನೆಯಲ್ಲಿ ಆ ಸೀಮೆಎಣ್ಣೆ ಹೀಟರ್. ಮನೆ ಬೆಚ್ಚಗಿತ್ತು, ಇಲ್ಲವೆನ್ನುವುದಿಲ್ಲ. ಬರಿಗಾಲಲ್ಲಿ ಓಡಾಡಬಹುದಿತ್ತು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಪಾದಗಳನ್ನು ಅಂಗೈಯಲ್ಲಿ ಹಿಡಿದು, "ನೋಡೇ, ಬನ್ನಿನ ಹಾಗೆ ಬಿಸಿಯಾಗಿದೆ," ಎಂದು ನನಗೆ ತೋರಿಸುತ್ತಿದ್ದಿರಿ. ನಿಮ್ಮ ಮುಖದಲ್ಲಿ ಅಷ್ಟು ನೆಮ್ಮದಿ ಬೇರೆ ಯಾವ ಹೊತ್ತಿನಲ್ಲೂ ನಾನು ಕಂಡಿಲ್ಲ.

ಆದರೆ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ನಮ್ಮ ಅಂಗಡಿಗೆ ಚಳಿಯಿಂದ ಬಂದವರ ಕನ್ನಡಕ ಒಂದು ಗಳಿಗೆ ಮಂಜಾಗುತ್ತದೆ, ಒರೆಸಿಕೊಡುತ್ತೇನೆ, ಮುಗಿಯಿತು. ನಮ್ಮ ಮನೆಯ ಗಾಜು ಬೆಳಗಿನಿಂದ ಸಂಜೆಯವರೆಗೆ ಹಾಗೇ ಇರುತ್ತಿತ್ತು. ಬೀರುವಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಹತ್ತಿತು. ಪುಟ್ಟಿಯ ಯೂನಿಫಾರಂ ಎಷ್ಟು ಒಗೆದರೂ ಸೀಮೆಎಣ್ಣೆ ನಾರುತ್ತಿತ್ತು. ಅವಳ ಎದೆಯೊಳಗೆ ಬೆಕ್ಕಿನ ಮರಿ ಇದ್ದ ಹಾಗೆ ಗೊರಗೊರ ಸದ್ದು.

ಎದೆಯ ಡಾಕ್ಟರ ಹತ್ತಿರ ಹೋದಾಗ ಆಕೆ ಔಷಧಿಗಿಂತ ಮೊದಲು ಕೇಳಿದ್ದು, "ಮನೆ ಬೆಚ್ಚಗಿಡೋಕೆ ಏನು ಉರಿಸ್ತೀರಿ?" ಎಂದು. ಹೇಳಿದೆ. "ಹೊಗೆ ಹೊರಗೆ ಹೋಗೋಕೆ ಕೊಳವೆ ಇದೆಯಾ?" "ಹೊಗೆಯೇ ಬರೋಲ್ಲ ಡಾಕ್ಟ್ರೆ," ಎಂದೆ. ಆಕೆ ಪೆನ್ನು ಕೆಳಗಿಟ್ಟರು. "ಕಾಣೋಲ್ಲ ಅಂದ್ರೆ ಇಲ್ಲ ಅಂತಲ್ಲಮ್ಮ. ಎಣ್ಣೆ ಉರಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಕಿಟಕಿ ಮುಚ್ಚಿದೆ, ಬಾಗಿಲು ಮುಚ್ಚಿದೆ. ಈ ಮಗು ಎದೆ ಒಂದೇ ತೆರೆದಿರೋದು."

ಈ ಮಾತನ್ನು ಮನೆಗೆ ಬಂದು ನಿಮಗೆ ಹೇಳಿದೆ. ನೀವು ತಲೆ ಬಗ್ಗಿಸಿ ಕೇಳಿದಿರಿ. ಮರುದಿನ ಹೀಟರಿಗೆ ಹೊಸ ಬತ್ತಿ ತಂದಿರಿ, ಒಳ್ಳೆಯ ಎಣ್ಣೆ ತಂದಿರಿ, ಕಿಟಕಿಗೆ ಇನ್ನೊಂದು ಸುತ್ತು ಟೇಪು ಹಾಕಿದಿರಿ.

ಎರಡು ಚಳಿಗಾಲದ ಹಿಂದಿನ ಆ ಭಾನುವಾರ ಮಧ್ಯಾಹ್ನ ನೆನಪಿದೆಯಲ್ಲ? ಊಟಕ್ಕೆ ಕೂತಿದ್ದೆವು. ನನಗೆ ಬೆಳಗಿನಿಂದ ತಲೆ ಸಿಡಿಯುತ್ತಿತ್ತು, ಚಳಿಯೆಂದುಕೊಂಡಿದ್ದೆ. ಪುಟ್ಟಿ ತಟ್ಟೆಯ ಮುಂದೆಯೇ ತೂಕಡಿಸಿದಳು. ಕರೆದರೆ ಕಣ್ಣು ಬಿಡಲಿಲ್ಲ, ಬಿಟ್ಟಾಗ ವಾಂತಿ ಮಾಡಿದಳು. ಹೀಟರಿನ ಉರಿ ಗಾಳಿ ಸಾಲದೆ ನೀಲಿ ಹೋಗಿ ಹಳದಿಯಾಗಿತ್ತು. ತರಕಾರಿ ಚಾಕುವಿನಿಂದ ನಾನು ಟೇಪು ಸೀಳಿ ಎರಡೂ ಕಿಟಕಿ ತೆಗೆದೆ. ಗಾಳಿ ಒಳಗೆ ನುಗ್ಗಿತು. ಅವಳು ಎರಡು ಸಲ ಉಸಿರೆಳೆದು ಅಳಲು ಶುರು ಮಾಡಿದಳು. ಆ ಅಳುವಿನಷ್ಟು ಚೆಂದದ ಸದ್ದನ್ನು ನಾನು ಕೇಳಿಲ್ಲ.

ನೀವು ಟೇಪಿನ ಸುರುಳಿ ಹಿಡಿದು ಕಿಟಕಿಯ ಹತ್ತಿರ ಬಂದಿರಿ.

"ಮಗೂಗೆ ಗಾಳಿ ಬೇಕು ರೀ!"

"ಮುಚ್ಚು. ಗಾಳಿ ಏನು ಮಾಡುತ್ತೆ ಅಂತ ನಿನಗೆ ಗೊತ್ತಿಲ್ಲ."

"ನಂಗೊತ್ತಿಲ್ವಾ?" ಎಂದೆ. ನಿಮ್ಮ ಮುಖ ಬಿಳಚಿಕೊಂಡಿತು. ಟೇಪು ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಆದರೂ ನೀವು ಮುಚ್ಚಿದಿರಿ. ಆ ಸಂಜೆಯೇ ನಾನು ಪುಟ್ಟಿಯನ್ನು ಎತ್ತಿಕೊಂಡು ತಂಗಿಯ ಮನೆಗೆ ಬಂದೆ.

ಜನ ಕೇಳಿದರೆ ಹೀಟರಿಗಾಗಿ ಗಂಡನನ್ನು ಬಿಟ್ಟೆ ಎನ್ನುತ್ತೇನೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ನಿಜ ಏನೆಂದರೆ ಆ ಭಾನುವಾರ ನಾವು ಜಗಳವಾಡಿದ್ದು ಕಿಟಕಿಗಾಗಿ ಆಗಿರಲಿಲ್ಲ. ನೀವು ಮುಚ್ಚಿದ್ದು ಯಾವ ಕಿಟಕಿಯನ್ನು ಎಂದು ನನಗೆ ಗೊತ್ತಿತ್ತು.

ನಮ್ಮಿಬ್ಬರ ಬಾಯಲ್ಲಿ ಚಿನ್ನುವಿನ ಹೆಸರು ಬಂದು ಎಷ್ಟು ಕಾಲವಾಯಿತು? ತನಗೊಬ್ಬ ಅಣ್ಣ ಹುಟ್ಟಿದ್ದ, ಹಲ್ಲು ಮೂಡುವ ವಯಸ್ಸಿನಲ್ಲೇ ಹೋಗಿಬಿಟ್ಟ ಎಂಬುದು ಪುಟ್ಟಿಗೆ ಗೊತ್ತೇ ಇಲ್ಲ. ಅವನ ತೊಟ್ಟಿಲನ್ನು ಯಾರಿಗೆ ಕೊಟ್ಟಿರೋ ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಆ ಚಳಿಗಾಲ ಅವನಿಗೆ ಜ್ವರ ಬರುವ ಹಿಂದಿನ ದಿನ ನಾನು ಅಂಗಡಿಯಲ್ಲಿದ್ದೆ, ನಿಮಗೆ ರಜೆ, ಮಗು ನಿಮ್ಮ ಹತ್ತಿರ ಇತ್ತು. ಸಂಜೆ ನಾನು ಬಂದಾಗ ಹಾಲಿನ ಪಾತ್ರೆ ಫಳಫಳ ಹೊಳೆಯುತ್ತಿತ್ತು, ಆದರೂ ಮನೆಯೆಲ್ಲ ಸೀದ ವಾಸನೆ. ಕಿಟಕಿ ಮುಚ್ಚಿತ್ತು. ಕಿಟಕಿಯ ಪಕ್ಕದ ತೊಟ್ಟಿಲ ಬಟ್ಟೆ ಕೈಗೆ ತಣ್ಣಗೆ ತಗುಲಿತು. ಎರಡು ದಿನ ಬಿಟ್ಟು ಟೀಚರಮ್ಮ ಮಾತಿನ ನಡುವೆ ಅಂದರು: "ಅವತ್ತು ನಿಮ್ಮ ಕಿಟಕಿಯಿಂದ ಹೊಗೆ ಬರ್ತಿತ್ತು, ಗಾಬರಿಯಾಗಿ ಕೂಗಿದೆ. ಹಾಲು ಸೀದುಹೋಯ್ತು ಅಂದ್ರು ಪಾಪ. ಸಂಜೆವರೆಗೂ ತೆಗೆದೇ ಇತ್ತು ಕಿಟಕಿ."

ನೀವು ನನಗೆ ಹೇಳಲಿಲ್ಲ. ನನಗೆ ಗೊತ್ತೆಂದು ನಾನೂ ಹೇಳಲಿಲ್ಲ. ಒಂದು ವಾರದಲ್ಲಿ ಎಲ್ಲ ಮುಗಿದುಹೋಯಿತು. ಮುಂದಿನ ಚಳಿಗಾಲ ನೀವು ಮೊದಲನೆಯ ಟೇಪಿನ ಸುರುಳಿ ತಂದಿರಿ. ನಾನು ಟೇಪಿನ ಜೊತೆ ಜಗಳವಾಡಿದೆ, ಎಣ್ಣೆಯ ಜೊತೆ ಜಗಳವಾಡಿದೆ, ಬೂಷ್ಟಿನ ಜೊತೆ ಜಗಳವಾಡಿದೆ. ಆಡಬೇಕಾಗಿದ್ದ ಒಂದೇ ಒಂದು ಮಾತನ್ನು ಬಿಟ್ಟು ಮಿಕ್ಕದ್ದೆಲ್ಲ ಆಡಿದೆ.

ಅಂಗಡಿಯ ಯಜಮಾನರು ಬಾಗಿಲಲ್ಲಿ ಇಣುಕಿ ಹೋದರು. ಬಿಡುವು ಮುಗಿಯುತ್ತಾ ಬಂತು, ಈ ಕಾಗದ ಸಂಜೆಯೊಳಗೆ ತಂಗಿಯ ಕೈಲಿ ನಿಮಗೆ ಮುಟ್ಟಬೇಕು. ಈಗ ಹೇಳುವುದನ್ನು ಗಮನವಿಟ್ಟು ಓದಿ.

ಮನೆಗೆ ಗಾಳಿ ಬೇಕೆಂದರೆ ಚಳಿಯಲ್ಲಿ ಸಾಯಬೇಕೆಂದಲ್ಲ. ತಂಗಿಯ ಮನೆಯಲ್ಲಿ ನಾವು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆಗೆಯುತ್ತೇವೆ. ಚಹಾ ಕುದಿಯುವಷ್ಟು ಹೊತ್ತು, ಅಷ್ಟೇ. ಹಳಸಿದ ಗಾಳಿ ಹೋಗಿ ಹೊಸದು ಬರುತ್ತದೆ. ಗೋಡೆ, ಹಾಸಿಗೆ ಎಲ್ಲ ಬೆಚ್ಚಗೇ ಇರುತ್ತವೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಮೊದಲಿನಂತಾಗುತ್ತದೆ. ದಿನವಿಡೀ ತೆಗೆದಿಟ್ಟರೆ ಗೋಡೆಯೇ ತಣ್ಣಗಾಗಿ ಬೂಷ್ಟು ಇನ್ನೂ ಹೆಚ್ಚಾಗುತ್ತದೆ. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಅಡುಗೆಮನೆಯ ಗಾಳಿಕಿಂಡಿಯ ರಟ್ಟು ಕಿತ್ತುಹಾಕಿ. ಮೆಟ್ಟಿಲ ಕೆಳಗಿನ ಆ ಹೀಟರನ್ನು ಮಾತ್ರ ಯಾವ ಕಾರಣಕ್ಕೂ ಮತ್ತೆ ಒಳಗೆ ತರಬೇಡಿ.

ಗುರುವಾರ ಬೆಳಿಗ್ಗೆ ಹೀಟರ್ ಕೂರಿಸುವವನು ಬರುತ್ತಾನೆ. ತಂಗಿಯ ಮನೆಗೆ ಹಾಕಿದವನೇ. ಅವನು ತರುವ ಹೀಟರಿಗೆ ಗೋಡೆಯಾಚೆ ಹೋಗುವ ಕೊಳವೆ ಇದೆ. ಉರಿಯಲು ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಉರಿದದ್ದು ಹೊರಗೇ ಹೋಗುತ್ತದೆ, ಮನೆಯೊಳಗೆ ಬಿಸಿ ಮಾತ್ರ ಉಳಿಯುತ್ತದೆ. ಜೊತೆಗೆ ಒಂದು ಪುಟ್ಟ ಡಬ್ಬಿ ಕೊಡುತ್ತಾನೆ. ಮೂಗಿಗೆ ತಿಳಿಯದ ವಿಷಗಾಳಿ ಸೇರಿದರೆ ಅದು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತದೆ. ಮಲಗುವ ಕೋಣೆಯ ಹತ್ತಿರ ಹಾಕಿಸಿ. ಗೋಡೆ ಕೊರೆಯಲು ಬಿಡಿ ಅವನನ್ನು. ನೀವು ಪಕ್ಕದಲ್ಲಿ ನಿಂತು, ಕೊಳವೆಯ ಸುತ್ತ ಸಂದು ಉಳಿಯದ ಹಾಗೆ ನಿಮ್ಮ ಕೈಯಾರೆ ಮುಚ್ಚಿ. ಆ ಕೆಲಸ ನಿಮ್ಮಷ್ಟು ಚೆನ್ನಾಗಿ ಅವನಿಗೆ ಬರುವುದಿಲ್ಲ.

ಗುರುವಾರದವರೆಗೆ ಟೀಚರಮ್ಮನ ಮನೆಯಲ್ಲಿ ಮಲಗಿ. ಹೇಳಿದ್ದೇನೆ, ಹಾಸಿಗೆ ಹಾಸಿಟ್ಟಿರುತ್ತಾರೆ. ಸಂಕೋಚ ಬೇಡ. ಕೆಮ್ಮಿಗೆ ಡಾಕ್ಟರ ಹತ್ತಿರ ಹೋಗಿ, ಕಷಾಯ ಕುಡಿದುಕೊಂಡು ಕೂರಬೇಡಿ.

ಇದನ್ನೆಲ್ಲ ಆಗಲೇ ಮಾಡಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಮಾಡಬಹುದಾಗಿತ್ತು. ಒಂದು ಗೋಡೆಗೆ ಒಂದು ತೂತು. ಅಷ್ಟಕ್ಕೆ ಪುಟ್ಟಿ ಹಾಲುಹಲ್ಲು ಉದುರಿಸಿದ್ದನ್ನು ನೀವು ನೋಡಲಿಲ್ಲ. ಅವಳು ಸೈಕಲ್ ಕಲಿತಾಗ ಹಿಂದೆ ಓಡಿದ್ದು ಪಕ್ಕದ ಮನೆಯವರು. ಈಗ ಅವಳು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ, ಎದೆಯಲ್ಲಿ ಸದ್ದಿಲ್ಲ. ಅದನ್ನು ಮೊದಲು ಕೇಳಿಸಿಕೊಳ್ಳಬೇಕಾದ ಕಿವಿ ನಿಮ್ಮದಾಗಿತ್ತು ಎಂದು ಪ್ರತಿ ಸಲ ಅನ್ನಿಸುತ್ತದೆ.

ವಾಪಸು ಬರುತ್ತೇನೆಂದು ಬರೆಯಲು ಕೈ ಓಡುತ್ತಿಲ್ಲ. ಬೇರೆ ಬೇರೆ ಇರುವುದು ನನಗೆ ರೂಢಿಯಾಗಿಬಿಟ್ಟಿದೆ, ಅದಕ್ಕೇ ಹೆಚ್ಚು ಸಂಕಟ. ಭಾನುವಾರ ಊಟದ ಹೊತ್ತಿಗೆ ಪುಟ್ಟಿಯನ್ನು ಕರೆದುಕೊಂಡು ಬರುತ್ತೇನೆ. ಸಂಜೆಯವರೆಗೆ ಇರುತ್ತೇವೆ. ಅಷ್ಟು ಮಾತ್ರ ಗಟ್ಟಿಯಾಗಿ ಹೇಳಬಲ್ಲೆ.

ಇಂತಿ,
ನಿಮ್ಮವಳು (ಬೇರೇನು ಬರೆಯಬೇಕೋ ತಿಳಿಯಲಿಲ್ಲ)

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದೆ ಕೆಳಕ್ಕೆ ತಳ್ಳಿದ್ದು. ಚಿನ್ನು ಆಸ್ಪತ್ರೆಯಲ್ಲಿದ್ದಾಗ ನೀವು ಔಷಧಿ ತರಲು ಹೋಗಿದ್ದ ಹೊತ್ತಿನಲ್ಲಿ, ಕಿಟಕಿ ತೆಗೆದಿದ್ದರಿಂದ ಹೀಗಾಯಿತೇ ಎಂದು ನಾನು ಅಲ್ಲಿನ ಡಾಕ್ಟರನ್ನು ಕೇಳಿದೆ. "ಇಲ್ಲಮ್ಮ, ಸೋಂಕು ಎಷ್ಟೋ ದಿನದಿಂದ ಒಳಗೇ ಬೆಳೀತಿತ್ತು. ಒಂದು ಮಧ್ಯಾಹ್ನದ ಗಾಳಿಗೆ ಹೀಗಾಗೋಲ್ಲ," ಎಂದರು. ನಿಮಗೆ ಹೇಳಲಿಲ್ಲ. ಹೇಳಿದರೆ, ನಾನು ಹಾಗೊಂದು ಪ್ರಶ್ನೆ ಕೇಳಿದ್ದೆ, ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ ಎಂದು ನಿಮಗೆ ಗೊತ್ತಾಗುತ್ತಿತ್ತು. ಹಾಲು ಸೀದ ಅವತ್ತು ಮನೆ ತುಂಬ ಹೊಗೆಯಿತ್ತು, ಮಗು ಒಳಗಿತ್ತು, ನೀವು ಕಿಟಕಿ ತೆಗೆದಿರಿ. ಸರಿಯಾದದ್ದನ್ನೇ ಮಾಡಿದಿರಿ.