ಬರೆದ ಕಣ್ಣು

ಜಗಳೂರು
9-2-1983

ನನ್ನ ಮುದ್ದು ಶಾಂತಕ್ಕನಿಗೆ ಸಾವಿರ ಮುತ್ತು!

ಏಳನೇ ತಿಂಗಳ ಕುಬುಸ ಎಂದು ಓದಿ ಕುಣಿದೇಬಿಟ್ಟೆ! ಹೊನ್ನಾಳಿಯ ನಿಮ್ಮ ಮನೆಯಲ್ಲಿ ಹಸಿರು ಸೀರೆಯುಟ್ಟು ಕೂತ ನಿನ್ನ ಫೋಟೋ ಯಾವ ಕಡೆಯಿಂದ ತೆಗೆದರೆ ಚೆಂದ ಎಂದು ಆಗಲೇ ಯೋಚಿಸುತ್ತಿದ್ದೆ. ನಿನ್ನ ಕಾಗದದ ಕೊನೆಯ ಸಾಲು ಆಮೇಲೆ ಕಂಡಿತು. ಬರುವಾಗ ಕ್ಯಾಮೆರಾ ತರಬೇಡ ಎಂದು ನಿಮ್ಮ ಅತ್ತೆಯವರು ಹೇಳಿದ್ದಾರೆ.

ಬೇಜಾರಿಲ್ಲ ಕಣೇ. ನಿಜವಾಗಿಯೂ ಇಲ್ಲ.

ಅವರು ಹಾಗೇಕೆ ಅಂದರು ಎಂಬುದನ್ನು ಯಾರ ಬಾಯಿಂದಲೋ ಕೇಳುವ ಬದಲು ನನ್ನಿಂದಲೇ ಕೇಳು. ಅಪ್ಪಾಜಿ ಮದುವೆಗೆ ಕೊಟ್ಟ ಕ್ಯಾಮೆರಾದಲ್ಲಿ ನಾನು ಕುರಿ, ಮೋಡ ಎಲ್ಲ ತೆಗೆಯುವುದನ್ನು ನೋಡಿ ಇವರು, ‘ಬರೀ ಹವ್ಯಾಸ ಯಾಕೆ, ಸ್ಟುಡಿಯೋನೇ ಹಾಕಾಣ’ ಅಂದರು. ತಮ್ಮ ರೇಡಿಯೋ ರಿಪೇರಿ ಅಂಗಡಿಯಲ್ಲಿ ಅರ್ಧ ಬಿಟ್ಟುಕೊಟ್ಟರು. ಬೋರ್ಡಿನ ಮೇಲೆ ನನ್ನ ಹೆಸರು! ಎಂಥ ಗಂಡ ನೋಡು!

ಮೊದಲ ಕರೆ ದ್ಯಾಮಮ್ಮ ಎಂಬ ಅಜ್ಜಿಯ ಮನೆಯಿಂದ. ಹೋಗಿ ನೋಡಿದರೆ ಅಜ್ಜಿಯೇ ತೀರಿಕೊಂಡಿದ್ದಾರೆ! ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಬದುಕಿದ್ದಾಗಿನ ಒಂದು ಫೋಟೋವೂ ಇಲ್ಲವಂತೆ. ಕಾನ್ವೆಂಟಿನ ಕ್ಯಾಮೆರಾದಲ್ಲಿ ಗೆಳತಿಯರ ಫೋಟೋ ತೆಗೆದ ಅಭ್ಯಾಸ, ‘ಸ್ವಲ್ಪ ನಗಿ’ ಎಂದುಬಿಟ್ಟೆ. ಅವರ ತಂಗಿ, ‘ಇದ್ದಾಗ ಒಬ್ರೂ ನಗು ಅನ್ಲಿಲ್ಲ, ಈಗ ನೀನೊಬ್ಬಾಕೆ ಬಂದೀಯೇನವ್ವಾ’ ಅಂದರು.

ಪ್ರಿಂಟಿನಲ್ಲಿ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆದುಕೊಡಬೇಕು, ಗೋಡೆಗೆ ಹಾಕಿ ಪೂಜೆ ಮಾಡಲು. ಸತ್ತ ಹೆಂಗಸರ ಫೋಟೋ ಹೆಂಗಸೇ ತೆಗೆಯಲಿ ಎಂದು ಸುತ್ತಲ ಊರಿನವರೂ ಕರೆದರು. ಕೈ ತುಂಬ ಕೆಲಸ! ಬದುಕಿದ್ದವರು ಮಾತ್ರ ಬರಲಿಲ್ಲ. ಪಕ್ಕದ ಬೀದಿಯ ಜಯದೇವಪ್ಪನವರ ಮಗಳ ಮದುವೆಗೆ ಕ್ಯಾಮೆರಾ ಹಿಡಿದು ಹೋದರೆ ಚಪ್ಪರದಲ್ಲಿ ಒಬ್ಬರು, ‘ಅಯ್ಯೋ, ಈಕೆ ಯಾಕೆ ಬಂದ್ಲು? ಒಳಗೆ ಯಾರಿಗೆ ಏನಾಗೈತ್ರೀ?’ ಎಂದು ಕೂಗಿದರು. ನಾನು ನಕ್ಕೆ. ಹಾಗೇ ಮನೆಗೆ ಬಂದೆ.

ಹೋದ ವಾರ ಕೊಟ್ರಮ್ಮನವರ ಮಗಳು. ಚೊಚ್ಚಲ ಹೆರಿಗೆಯಲ್ಲೇ ಹೋದಳು. ನನ್ನದೇ ವಯಸ್ಸು. ‘ಕಣ್ಣು ಅವಳದ್ದೇ ಬರ್ಬೇಕವ್ವಾ’ ಅಂದರು ತಾಯಿ. ಆ ಕಣ್ಣು ತೆರೆದಿದ್ದಾಗ ನಾನು ನೋಡಿಯೇ ಇರಲಿಲ್ಲ. ಕನ್ನಡಿ ಮುಂದೆ ಕೂತು ನನ್ನ ಕಣ್ಣನ್ನೇ ನೋಡಿ ಬರೆದೆ. ಕೊಟ್ರಮ್ಮ ಪಟವನ್ನು ಎದೆಗೆ ಒತ್ತಿಕೊಂಡು, ‘ನಮ್ಮ ಹುಡುಗೀನೇ ನೋಡ್ತಾ ಐತೆ’ ಅಂದರು.

ನಿಮ್ಮ ಅತ್ತೆಯವರಿಗೆ ಹೇಳು, ಬರಿಗೈಯಲ್ಲೇ ಬರುತ್ತೇನೆ, ಹೋಳಿಗೆ ತಿಂದು ಹೋಗುತ್ತೇನೆ. ಅಲ್ಲಿಯ ಯಾರನ್ನಾದರೂ ಕರೆಸಿ ಫೋಟೋ ತೆಗೆಸಿಕೋ ಅಕ್ಕಾ. ತಪ್ಪಿಸಬೇಡ.

ನಿನ್ನ ಪುಟ್ಟ ತಂಗಿ,
ಸರ್ವಮಂಗಳಾ

ಹೇಳುವುದನ್ನೇ ಮರೆತೆ: ನನಗೂ ಮೂರು ತಿಂಗಳು. ಇವರಿಗೂ ಇನ್ನೂ ಹೇಳಿಲ್ಲ. ಜೊತೆಗಿರುವ ನನ್ನ ಫೋಟೋ ನಿನ್ನೆ ಇವರ ಕೈಲಿ ತೆಗೆಸಿದ್ದು, ಸ್ವಲ್ಪ ಅಲುಗಿದೆ. ಜೋಪಾನವಾಗಿಟ್ಟಿರು. ಇದರಲ್ಲಿ ಕಣ್ಣು ಬರೆದದ್ದಲ್ಲ.