ಎರಡು ಹತ್ತರ ಚಮಚ

ಜನವರಿ 8, ರಾತ್ರಿ 2:10
ಚಮಚ. ಸ್ಟೀಲ್ ಲೋಟಕ್ಕೆ ಮೂರು ಸಲ — ಟಣ್, ಟಣ್, ಟಣ್. ಎದ್ದೆ. ನಾನು ನೋಡಿಕೊಳ್ಳುವ ಪದ್ಮಜಾ ಆಂಟಿ ಕರೆಯುವುದೇ ಹೀಗೆ. ಕಫ ಕಟ್ಟಿತ್ತು. ಎತ್ತಿ ಕೂರಿಸಿ ಬೆನ್ನು ತಟ್ಟಿದೆ. ತಡವಾದರೆ ಉಸಿರು ನಿಲ್ಲಬಹುದು ಎಂದು ಡಾಕ್ಟರ್ ಹೇಳಿದ್ದಾರೆ.
“ಬಂದ್ಯಾ ಸಿಂಧು? ನೀನು ಮಲಗೋದೇ ಒಂದು ನಾಟಕ ಕಣೆ.”
ಗಂಟೆ, ಸದ್ದು, ಎರಡನ್ನೂ ಬರೆದಿಡಿ ಎಂದಿದ್ದಾರೆ ಲಾಯರ್ ಜಾನ್ವಿ. ಪುಟದ ಫೋಟೋ ಅವರಿಗೆ. ಇಪ್ಪತ್ನಾಲ್ಕು ಗಂಟೆ ಶಿಫ್ಟಿಗೆ ಏಜೆನ್ಸಿ ಕೊಡುವುದು ಹದಿಮೂರು ಗಂಟೆಯ ಸಂಬಳ. ಉಳಿದದ್ದು ನಮ್ಮ ನಿದ್ದೆ, ಊಟವಂತೆ. ಅದಕ್ಕೇ ಇಲ್ಲಿ, ಅಮೆರಿಕದಲ್ಲಿ, ನಲವತ್ತು ಜನ ಹೋಮ್ ಕೇರ್ ಹೆಂಗಸರು ಸೇರಿ ಕೇಸ್ ಹಾಕಿದ್ದೇವೆ.

ಜನವರಿ 10, 2:10, ಮತ್ತೆ 3:45
ಚಮಚ, ಎರಡು ಸಲವೂ. ನನ್ನ ಮಗಳು ತನ್ವಿ ನಮ್ಮ ಪಕ್ಕದ ಮನೆಯ ಅನುಶ್ರೀ ಹತ್ತಿರ ಮಲಗಿರುತ್ತಾಳೆ. ನಾಲ್ಕು ವರ್ಷ. ಅವಳು ಎಷ್ಟು ಗಂಟೆಗೆ ಎದ್ದು ಅತ್ತಳೆಂದು ಯಾರು ಬರೆದಿಡುತ್ತಾರೆ...

ಜನವರಿ 13, ಮಧ್ಯಾಹ್ನ
ಏಜೆನ್ಸಿಯ ಡೇನಿಯಲ್ ಫೋನ್. ರಾತ್ರಿ ಏಳಬೇಡ, ಟೈಮ್ ಶೀಟಿನಲ್ಲಿ ಎಡೆಬಿಡದ ಐದು ಗಂಟೆ ನಿದ್ದೆ ಎಂದು ಬರಿ ಎಂದ. ಎದ್ದರೆ ತಾನೆ ನಿದ್ದೆ ಕೆಡುವುದು, ಕೆಟ್ಟರೆ ತಾನೆ ಕೇಸು.
ಸ್ಪೀಕರಿನಲ್ಲಿತ್ತು. ಆಂಟಿ ಕೇಳಿಸಿಕೊಂಡರು. “ಏಳಬಾರದಂತಾ? ನೀನು ಎಲ್ಲೇ ಮಲಗಿರು, ನಿನ್ನ ಕಿವಿಗೆ ಬೀಳೋ ಹಾಗೆ ಹೊಡೀತೀನಿ ನೋಡ್ತಿರು.” ನಕ್ಕೆವು.

ಜನವರಿ 21
ಶಿಫ್ಟ್ ಕಿತ್ತುಕೊಂಡರು. ನನ್ನ ಜಾಗಕ್ಕೆ ಸಲ್ಮಾ, ಹುಬ್ಬಳ್ಳಿಯ ಹುಡುಗಿ. ಚಮಚದ ವಿಷಯ ಹೇಳಿದೆ.
“ಅಕ್ಕಾ, ಏಳಬ್ಯಾಡ ಅಂದಾರ. ಕಿವ್ಯಾಗ ಹತ್ತಿ ಇಟ್ಕೊಂಡು ಮಲಗ್ತೀನ್ರಿ. ನನಗೂ ಮಕ್ಕಳದಾವ.”
ಸಂಜೆಯಿಂದ ಆ ಮನೆಯ ಫೋನಿನಲ್ಲಿ ನನ್ನ ನಂಬರ್ ಬ್ಲಾಕ್. ಸಲ್ಮಾಳದರಲ್ಲೂ.

ಜನವರಿ 23, 2:10
ನನ್ನ ಮನೆ, ಮಾನ್ಮತ್ ಜಂಕ್ಷನ್. ಟಣ್, ಟಣ್, ಟಣ್. “ಬಂದೆ ಆಂಟಿ” ಎನ್ನುತ್ತ ಬಾಗಿಲ ತನಕ ಹೋಗಿದ್ದೆ. ಆಂಟಿಯ ಮನೆಯಿರುವ ಜ್ಯಾಕ್ಸನ್ ಹೈಟ್ಸ್ ಇಲ್ಲಿಂದ ಐವತ್ತು ಮೈಲಿ. ಹೀಟರ್ ಪೈಪಿನ ಸದ್ದಿರಬೇಕು. ಆದರೂ ಅಡುಗೆಮನೆಯ ಲೋಟಗಳನ್ನೆಲ್ಲ ಬೋರಲು ಹಾಕಿ ಬಂದೆ.

ಜನವರಿ 24, 2:10
ಮತ್ತೆ. ಈ ಸಲ ಮೊದಲು ಎದ್ದದ್ದು ನಾನಲ್ಲ. ತನ್ವಿ ಕತ್ತಲಲ್ಲಿ ಕೂತಿದ್ದಳು.
“ಅಮ್ಮಾ, ಸಮ್‌ಬಡಿ ಈಸ್ ಕಾಲಿಂಗ್ ಯು.”
ಎಲ್ಲಿಂದ ಪುಟ್ಟಾ ಎಂದೆ. ಅವಳು ಪೈಪಿನ ಕಡೆ ನೋಡಲಿಲ್ಲ. ನನ್ನ ದಿಂಬಿನ ಕಡೆ ಬೆರಳು ತೋರಿಸಿದಳು.

ಜನವರಿ 25, 2:10
ಟಣ್, ಟಣ್.
ಮೂರನೆಯದು ಬರಲಿಲ್ಲ. ಎರಡು ವರ್ಷದಲ್ಲಿ ಒಮ್ಮೆಯೂ ಹೀಗಾಗಿಲ್ಲ. “ಒನ್, ಟೂ...” ತನ್ವಿ ಬೆರಳು ಮಡಚಿಕೊಂಡು ಕಾಯುತ್ತಿದ್ದಾಳೆ.

2:19
ನನ್ನ ಗಂಡ ಸಮರ್ಥ್ ರಾಬಿನ್ಸ್‌ವಿಲ್ ವೇರ್‌ಹೌಸಿನಲ್ಲಿ, ನೈಟ್ ಶಿಫ್ಟ್. ಅವರ ಫೋನ್ ಲಾಕರಿನಲ್ಲಿ, ಕಾರೂ ಅವರ ಹತ್ತಿರ. ತುರ್ತು ಸಹಾಯದ 911ಗೆ ಮಾಡಿ ಆಂಟಿಯ ವಿಷಯ ಹೇಳಿದೆ. ಸದ್ದು ಎಲ್ಲಿಂದ ಕೇಳಿಸಿತು ಎಂದರು. ನನ್ನ ದಿಂಬಿನಿಂದ ಎಂದೆ. ನಿಮ್ಮ ಜೊತೆ ಮಗು ಇದೆಯೇ ಎಂದು ಕೇಳಿದರು. ನನಗೆ ಹುಚ್ಚೆಂದು ಮಗುವನ್ನು ಕರೆದೊಯ್ದಾರೆಂದು ಫೋನ್ ಇಟ್ಟುಬಿಟ್ಟೆ.

2:24
ಜಾನ್ವಿ, ನಿಮ್ಮ ಫೋನ್ ವಾಯ್ಸ್‌ಮೇಲಿಗೆ ಹೋಗುತ್ತಿದೆ. ಈ ಪುಟದ ಫೋಟೋ ಕಳಿಸುತ್ತಿದ್ದೇನೆ. ಇದು ಕೇಸಿಗಲ್ಲ. ಹುಚ್ಚಿ ಎಂದುಕೊಳ್ಳಿ, ಕೇಸಿನಿಂದ ನನ್ನ ಹೆಸರು ತೆಗೆದುಹಾಕಿ. ಆದರೆ ನಿಮ್ಮ ನಂಬರಿನಿಂದ ಆ ಮನೆಗೆ ಫೋನ್ ಮಾಡಿ. ಸಲ್ಮಾ ಏಳುವ ತನಕ ಬಿಡಬೇಡಿ. ಆಂಟಿಯನ್ನು ಎತ್ತಿ ಕೂರಿಸಲಿ, ಅಷ್ಟೇ. ಬೆಳಗಾಗುವವರೆಗೆ ಕಾಯಬೇಡಿ, ದಯವಿಟ್ಟು, ತನ್ವಿ ಇನ್ನೂ ಬೆರಳು ಬಿಟ್ಟಿಲ್ಲ, ಈಗಲೇ ಫೋನ್ ಮಾ—